ಬಲೆಯಲ್ಲಿದ್ದ ಒಳಲೆ

ಆ ದಿನವೂ ನಾನೇ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ ರಂಗೋಲಿ ಎಳೆದೆ. ಮೂರು ತಿಂಗಳ ಹಿಂದಿನವರೆಗೆ ಅದು ನರಸಮ್ಮನ ಕೆಲಸ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಅವಳು ಪಾತ್ರೆಯನ್ನೂ ತಿಕ್ಕಿ, ಬೋರಲು ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಶಕುನ, ಪವಾಡ ಎಂದರೆ ನಗುತ್ತಿದ್ದವಳು ನಾನು. ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಈ ಒಂದಕ್ಕೆ ಮಾತ್ರ ನನಗೆ ಇಂದಿಗೂ ಕಾರಣ ಸಿಕ್ಕಿಲ್ಲ. ನರಸಮ್ಮನ ಎದುರು ನಿಂತು ಹೇಳುವ ಧೈರ್ಯ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಂಬಿ ಎಂದು ಒತ್ತಾಯಿಸಲಾರೆ.

ಅರುವತ್ತರ ದಶಕದ ಆರಂಭದ ಮಾತು. ನಮ್ಮವರಿಗೆ ಶಿಡ್ಲಘಟ್ಟಕ್ಕೆ ವರ್ಗವಾಗಿ, ದಸರೆಯ ಹೊತ್ತಿಗೆ ಅಲ್ಲಿಗೆ ಬಂದಿದ್ದೆವು. ಸಂಕ್ರಾಂತಿಯ ಮಾರನೆಯ ದಿನ, ಮಗಳಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ ಕಾಣಲಿಲ್ಲ. ನನ್ನ ತಾಯಿ ಕೊಟ್ಟದ್ದು. ಅದರ ಮೂತಿಯ ಮೇಲೆ ಮಗಳು ಕಚ್ಚಿ ಮೂಡಿಸಿದ ಎರಡು ಸಣ್ಣ ತಗ್ಗುಗಳಿದ್ದವು. ಹೊರಗಿನವರೆಂದು ಮನೆಯೊಳಗೆ ಬರುತ್ತಿದ್ದವಳು ಗಂಡ ಸತ್ತ ನರಸಮ್ಮ ಒಬ್ಬಳೇ. ಬೀದಿಯವರೆಲ್ಲ ನೋಡುತ್ತಿರುವಾಗಲೇ ಕೇಳಿಬಿಟ್ಟೆ.

"ಸೆರಗ್ ಬಿಚ್ಚಿ ನೋಡ್ಕೊಳ್ಳಿ ಅಮ್ಮಾವ್ರೇ, ಆ ಮಾತ್ ಮಾತ್ರ ಅನ್ಬೇಡಿ" ಎಂದಳು.

ನಾನು ದನಿ ಏರಿಸಲಿಲ್ಲ. ಮೆತ್ತಗೆ, "ನಾಳೆಯಿಂದ ಬರ್ಬೇಡ" ಎಂದೆ. ಆಮೇಲೆ ಆ ಬೀದಿಯಲ್ಲಿ ಅವಳನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ.

ಆ ಬೇಸಿಗೆ ನಮ್ಮ ಹಿತ್ತಲಾಚೆಯ ಕೆರೆ ಬತ್ತುತ್ತ ಬಂದಿತ್ತು. ಯಾರೋ ಬಿಟ್ಟುಹೋದ ಹಳೆಯ ಮೀನುಬಲೆಯೊಂದು ಕೆಸರಿನಲ್ಲಿ ಹೂತಿತ್ತು. ಹಿಂದಿನ ದಿನ ಎಮ್ಮೆಯೊಂದರ ಕಾಲು ಅದರಲ್ಲಿ ಸಿಕ್ಕಿಕೊಂಡಿತ್ತಂತೆ. ಹಾಗಾಗಿ ಆ ದಿನ ಬೆಳಿಗ್ಗೆ ಏಳೆಂಟು ಜನ ಸೇರಿ ಬಲೆಯನ್ನು ದಡಕ್ಕೆ ಎಳೆದು ಹಾಕಿದರು. ಒಳಗೆ ಆಮೆಯ ಚಿಪ್ಪು, ನೀರುಕಾಗೆಯ ರೆಕ್ಕೆ, ಮೀನಿನ ಮುಳ್ಳುಗಳು. ಕೇಳುವವರಿಲ್ಲದಿದ್ದರೂ ಅದು ಹಿಡಿಯುತ್ತಲೇ ಇತ್ತು.

ನನ್ನ ಟೊಮೇಟೊ ಸಸಿಗಳನ್ನು ಕೋಳಿಗಳು ಕೆದಕುತ್ತಿದ್ದವು. ಮೇಲೆ ಹೊದಿಸಲು ಬಲೆಯ ಒಂದು ತುಂಡು ಕೇಳಿದೆ.

"ತುಂಡ್ಯಾಕೆ ತಾಯಿ, ಪೂರಾ ತಗೊಂಡೋಗಿ. ಮೀನ್ ವಾಸ್ನೆ ಪುಕ್ಸಟ್ಟೆ!" ಎಂದು ಮುದುಕನೊಬ್ಬ ಎಲ್ಲರನ್ನೂ ನಗಿಸಿ ಕುಡುಗೋಲು ಕೊಟ್ಟ.

ಬಲೆ ಮುಳುಗಲೆಂದು ಅದರ ಅಂಚಿಗೆ ಗೇಣಿಗೊಂದು ಸುಟ್ಟ ಮಣ್ಣಿನ ಗುಂಡು ಕಟ್ಟಿದ್ದರು. ಕೊಯ್ಯುತ್ತ ಹೋದಂತೆ ಒಂದು ಗುಂಡಿನ ಜಾಗದಲ್ಲಿ ಬೇರೇನೋ ಕೈಗೆ ತಗಲಿತು. ಪಾಚಿ ಉಜ್ಜಿದೆ. ಒಳಲೆ. ಮೂತಿಯ ಮೇಲೆ ಎರಡು ತಗ್ಗು. ಉಳಿದ ಗುಂಡುಗಳಿಗಿದ್ದ ಅದೇ ಗಂಟು, ಅದೇ ಕೊಳೆತ ದಾರ, ಅಷ್ಟೇ ದಪ್ಪದ ಪಾಚಿ. ಬಿಚ್ಚಲು ಬಾರದೆ ದಾರವನ್ನೇ ಕೊಯ್ದೆ.

ಅಲ್ಲೇ ಕೂಗಿ ಹೇಳಬೇಕಿತ್ತು. ನಾನು ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಕಳ್ಳಿಯ ಹಾಗೆ, ಮನೆಗೆ ಬಂದೆ. ಬಲೆಯ ತುಂಡು ದಡದಲ್ಲೇ ಉಳಿಯಿತು. ಮಧ್ಯಾಹ್ನವೆಲ್ಲ ಯೋಚಿಸಿ ಒಂದು ಕಾರಣ ಹುಡುಕಿಕೊಂಡೆ: ನರಸಮ್ಮನೇ ಕದ್ದಿದ್ದಾಳೆ, ಹೆದರಿ ಯಾರದೋ ಬಲೆಗೆ ಕಟ್ಟಿ ಮುಚ್ಚಿಟ್ಟಿದ್ದಾಳೆ. ಸದ್ಯ, ನನ್ನದೇನೂ ತಪ್ಪಿಲ್ಲ ಎನಿಸಿ ಸಮಾಧಾನವೇ ಆಯಿತು. ಆ ಸಮಾಧಾನವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಸಂಜೆ ದೀಪ ಹಚ್ಚಿ ಹೊರಗೆ ಬಂದೆ. ಪಕ್ಕದ ಮನೆಯ ಹಾಜಿರಾಬಿ ಜಗಲಿಯ ಮೇಲೆ ಮೊರದಲ್ಲಿ ರೇಷ್ಮೆಗೂಡು ಆರಿಸುತ್ತ ಕೂತಿದ್ದರು. ತಲೆ ಎತ್ತದೆಯೇ ಅಂದರು:

"ಆ ಬಲೆ ತೆಗೆದ್ರಂತಲ್ಲಮ್ಮ? ಒಳ್ಳೇದಾಯ್ತು ಬಿಡಿ. ನಿಮ್ ನರಸಮ್ಮನ ಗಂಡ ಹಾಕಿದ್ ಬಲೆ ಅದು. ಅವ್ನು ಹೋಗಿ ಎರಡ್ ವರ್ಷ ಆಯ್ತು, ನೀವಿನ್ನೂ ಈ ಊರಿಗೇ ಬಂದಿರ್ಲಿಲ್ಲ. ಹಾಕಿದೋನೇ ತೆಗೀಬೇಕು ಅಂತ ಯಾರೂ ಮುಟ್ಟಿರ್ಲಿಲ್ಲ. ಮುಟ್ಟೋಕಾದ್ರೂ ಎಲ್ಲಾಯ್ತದೆ, ಮೊನ್ನೆ ಮೊನ್ನೆ ತನಕ ಅದರ ಮೇಲೆ ಎರಡಾಳು ನೀರಿತ್ತಲ್ಲ."