ಭುಜಂಗನ ಪ್ರೋಬು ಮತ್ತು ಐದು ಕಾಳು ಅಕ್ಷತೆ

ಧನಕವಡಿಯಲ್ಲಿ ನನ್ನ ನೆರೆಯವನಾದ ಭುಜಂಗನನ್ನು ಅವನ ಕಂಪನಿಯ ಸ್ಮರಣ ಸಂಚಿಕೆ ‘ಸಹಾಯಕ’ ಎಂದು ಕರೆದಿದೆ. ಇದು ತಪ್ಪು. ಅವನು ಇಪ್ಪತ್ತಾರು ವರ್ಷ ಅನುಭವವುಳ್ಳ ಫಿಟರ್. ಅಣುಸ್ಥಾವರದ ರಿಯಾಕ್ಟರಿನೊಳಗೆ ಮನುಷ್ಯ ಹೋಗಲಾಗದು. ಅಲ್ಲಿನ ಕೊಳವೆಗಳು ಬಿರುಕು ಬಿಟ್ಟಿವೆಯೇ ಎಂದು ದೂರದಿಂದಲೇ ನೋಡಲು, ಉದ್ದನೆಯ ಕೇಬಲ್ಲಿನ ತುದಿಯಲ್ಲಿ ಹೆಬ್ಬೆರಳಿನ ಗಾತ್ರದ ಕ್ಯಾಮೆರಾ ಬೇಕು. ಕೊಂಢವಾ ಎಂಬಲ್ಲಿನ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಕೂತು ಅಂಥ ಪ್ರೋಬನ್ನು ಜೋಡಿಸಿದವನು ಭುಜಂಗ. ರಿಯಾಕ್ಟರಿನೊಳಗೆ ಒಂದು ಕೂದಲೂ ಬೀಳಬಾರದು. ‘ಪರವಸ್ತು ಇಲ್ಲ’ ಎಂಬ ಪತ್ರಕ್ಕೆ ಅವನ ಸಹಿಯಾಗದೆ ಪ್ರೋಬು ಗೇಟು ದಾಟದು.

ಕಳೆದ ಖಂಡೇನವಮಿಯಂದು ಯಂತ್ರಗಳಿಗೆಲ್ಲ ಪೂಜೆಯಾಯಿತು. ಅತಿಥಿಗಳ ಮುಂದೆ ಪ್ರೋಬಿನ ಪರೀಕ್ಷೆಯೂ ಅಂದೇ. ಅತಿಥಿಗಳಲ್ಲಿ ನಾನೂ ಒಬ್ಬ; ಎರಡನೆಯ ಸಾಲಿನಲ್ಲಿ ಕೂತು ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಿಂದ ಬಂದ ಮ್ಯಾನೇಜರ್ ಮಿಥುನ ಹರಿವಾಣ ಹಿಡಿದು ಪ್ರೋಬಿನತ್ತ ನಡೆದರು. ಭುಜಂಗ ಅಡ್ಡ ನಿಂತ.

“ಇದಕ್ಕ ಬ್ಯಾಡ್ರಿ ಸಾಹೇಬ್ರ.”

“ಏನ್ ಭುಜಂಗಣ್ಣ, ದೇವ್ರು ಬರೋಕೂ ಗೇಟ್ ಪಾಸ್ ಬೇಕಾ?”

“ದೇವ್ರು ಬರ್ಲಿ ರೀ. ಕುಂಕುಮಾ, ಅಕ್ಕಿ ಹೊರಗ ಇಟ್ಟು ಬರ್ಲಿ.”

ಎಲ್ಲರೂ ನಕ್ಕರು. ಮಿಥುನ ಉದಾರವಾಗಿ ರಾಜಿಗೆ ಬಂದರು: “ಎಣಿಸಿ ಐದೇ ಕಾಳು. ಓಕೆನಾ?” ಉತ್ತರಕ್ಕೆ ಕಾಯದೆ ಐದು ಅಕ್ಷತೆ ಹಾಕಿ ಕುಂಕುಮವಿಟ್ಟರು, ಇಟ್ಟದ್ದು ಸರಿಯಾಗಿ ಕ್ಯಾಮೆರಾದ ಗಾಜಿನ ಮೇಲೆ.

ಮಾದರಿ ಕೊಳವೆಯೊಳಗೆ ಪ್ರೋಬು ಇಳಿಯಿತು. ಪರದೆ ಕೆಂಪಾಯಿತು. “ನೋಡಿ, ಒಳಗಿನ ತುಕ್ಕನ್ನ ಹಿಡಿದುಬಿಡ್ತು ನಮ್ಮ ಪ್ರೋಬು!” ಎಂದು ಮಿಥುನ ಸಾರಿದರು. ಚಪ್ಪಾಳೆ ಬಿತ್ತು. ಕೊಳವೆ ತುಕ್ಕು ಹಿಡಿಯದ ಉಕ್ಕಿನದೆಂದು ಎದ್ದು ಹೇಳಿದವನು ನಾನೊಬ್ಬನೇ. ನನಗೆ ಪೇಡೆ ಕೊಟ್ಟು ಕೂರಿಸಿದರು.

ದಸರೆ ಮುಗಿದ ಮರುದಿನ ಪ್ರೋಬು ಸ್ಥಾವರಕ್ಕೆ ಹೊರಡಬೇಕಿತ್ತು. ಭುಜಂಗ ಗಾಜು ತೊಳೆದ, ಕೊಳವೆ ಜಾಲಾಡಿದ, ನೆಲ ಗುಡಿಸಿದ. ಪತ್ರದಲ್ಲಿ ಸಹಿಯ ಜಾಗದಲ್ಲಿ ಹೀಗೆ ಬರೆದ: “ಅಕ್ಷತೆ ಹಾಕಿದ್ದು ಐದು. ಸಿಕ್ಕಿದ್ದು ಮೂರು.”

ಸಹಿ ಹಾಕದಿದ್ದರೆ ನಾಳೆಯಿಂದ ಬರಬೇಡಿ ಎಂದರು ಮಿಥುನ.

“ಹಂಗಾದ್ರ ನೀವ ಹಾಕ್ರಿ,” ಎಂದು ಭುಜಂಗ ಪೆನ್ನು ಚಾಚಿದ.

ಮಿಥುನ ಪೆನ್ನು ಮುಟ್ಟಲಿಲ್ಲ. ಪ್ರೋಬು ಬಿಚ್ಚಲು ಒಂಬತ್ತು ದಿನ ಹಿಡಿಯಿತು. ಕ್ಯಾಮೆರಾದ ಕತ್ತು ಬಾಗುವ ಕೀಲಿನಲ್ಲಿ ಉಳಿದೆರಡೂ ಕಾಳು ಸಿಕ್ಕವು. ಭುಜಂಗ ಸಹಿ ಹಾಕಿದ, ಪ್ರೋಬು ಹೊರಟಿತು.

ಪರವಸ್ತು ಪತ್ತೆಗಾಗಿ ಕಂಪನಿಯ ಪ್ರಶಸ್ತಿ ಮಿಥುನರಿಗೆ ಸಂದಿದೆ. ಸನ್ಮಾನದಲ್ಲಿ ಅವರ ತಲೆಯ ಮೇಲೆ ಹಿಡಿಗಟ್ಟಲೆ ಅಕ್ಷತೆ ಬಿತ್ತು. ಪಕ್ಕದ ಮೇಜಿನಲ್ಲಿ ಅಂಥದೇ ಎರಡನೆಯ ಪ್ರೋಬು ಪ್ರದರ್ಶನಕ್ಕಿತ್ತು. ಸಂಚಿಕೆಯ ಚಿತ್ರದಲ್ಲಿ, ಅದಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿ ಚೀಲದ ಬಾಯನ್ನು ಎರಡೂ ಕೈಗಳಿಂದ ಬಿಗಿಹಿಡಿದು ನಿಂತವನೇ ಆ ‘ಸಹಾಯಕ’.