ಕೀಬೋರ್ಡ್ ನನ್ನ ಕೈಯಲ್ಲಿತ್ತು

ದೆವ್ವ, ಗಾಳಿ, ಸೋಕು ಎಂದು ಯಾರಾದರೂ ಶುರುಮಾಡಿದರೆ ಎದ್ದುಹೋಗುವವಳು ನಾನು. ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಯಂತ್ರ ಕೆಟ್ಟರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಇಷ್ಟೇ ನನ್ನ ನಂಬಿಕೆ. ಹಾಗಾಗಿ ಕೆಲವು ವರ್ಷಗಳ ಹಿಂದೆ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ನಡೆದದ್ದನ್ನು ಹೇಳುವುದಕ್ಕೆ ನನಗೇ ಮುಜುಗರ. ಅದು ಅಮಾವಾಸ್ಯೆಯ ರಾತ್ರಿಯೂ ಅಲ್ಲ, ಮಟಮಟ ಮಧ್ಯಾಹ್ನ. ನಾನೊಬ್ಬಳೇ ಇದ್ದೆನೆಂದೂ ಇಲ್ಲ, ಕೋಣೆಯಲ್ಲಿ ಮೂವರಿದ್ದೆವು.

ನೂಲಿಗೆ ಬಣ್ಣ ಹಾಕುವ ಕಾರ್ಖಾನೆ ಅದು. ಬಣ್ಣದ ತೊಟ್ಟಿಗಳ ಬಿಸಿ ಎಷ್ಟಿದೆ ಎಂದು ತೋರಿಸುವುದಕ್ಕೆ ಅಲ್ಲೊಂದು ಹಳೇ ಯುನಿಕ್ಸ್ ಯಂತ್ರವಿತ್ತು. ಅದರ ಪರದೆಯ ಮೇಲೊಂದು ಟರ್ಮಿನಲ್ ವಿಂಡೋ, ಅದರಲ್ಲಿ ಬರೀ ಅಕ್ಷರ, ಅಂಕಿ. ತೊಟ್ಟಿ ಮಿತಿಮೀರಿ ಕಾದರೆ ಕೆಳಗಡೆ ಎಚ್ಚರಿಕೆಯ ಸಾಲು ಬರಬೇಕು. ಜೊತೆಗೆ ಕೂಗಬೇಕಾದ ಸೈರನ್ ಕೆಟ್ಟು ಎಷ್ಟೋ ಕಾಲವಾಗಿತ್ತು, ಸರಿಮಾಡಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಪರದೆ ನೋಡಿಕೊಳ್ಳುತ್ತಿದ್ದವರು ರತ್ನಮ್ಮ. ಹಿಂದಿನ ವಾರ ಒಂದು ತೊಟ್ಟಿ ಕಾದು ನೂಲೆಲ್ಲ ಹಾಳಾಗಿತ್ತು. ರತ್ನಮ್ಮ ನಿದ್ದೆ ಹೊಡೆಯುತ್ತಿದ್ದರು ಎಂದು ಮ್ಯಾನೇಜರು ತೀರ್ಮಾನಿಸಿ, ಅವರನ್ನು ಕೆಲಸದಿಂದ ತೆಗೆಯಲು ಹೊರಟಿದ್ದರು. ಯಂತ್ರದಲ್ಲಿ ದೋಷವಿಲ್ಲ ಎಂದು ನನ್ನ ಬಾಯಲ್ಲಿ ಹೇಳಿಸುವುದಕ್ಕೆ ನನ್ನನ್ನು ಕರೆಸಿದ್ದರು.

"ಸಾಲು ಬರುತ್ತೆ ಮೇಡಂ, ಕಣ್ಣು ಮಿಟುಕಿಸೋ ಅಷ್ಟ್ರಲ್ಲಿ ಹೋಗ್ಬಿಡುತ್ತೆ. ಎಷ್ಟ್ ಸಲ ಹೇಳಿದ್ರೂ ಇವ್ರು ಕೇಳಲ್ಲ," ಎಂದರು ರತ್ನಮ್ಮ.

"ಈಯಮ್ಮನ ಕಥೆ ಕೇಳ್ತಾ ಕೂತ್ರೆ ಸಂಜೆ ಆಗುತ್ತೆ. ಮಿಷನ್ ಚೆನ್ನಾಗಿದೆ ಅಂದ್ಬಿಡಿ, ಸಾಕು," ಎಂದರು ಮ್ಯಾನೇಜರು, ಅವರ ಎದುರಿಗೇ.

ನನಗೆ ಮೈ ಉರಿಯಿತು. ಯಾವಾಗಿನಿಂದ ಹೀಗಾಗುತ್ತಿದೆ ಎಂದು ರತ್ನಮ್ಮನನ್ನೇ ಕೇಳಿದೆ. ಆಯುಧಪೂಜೆಯಿಂದ ಎಂದರು. ಆ ದಿನ ಎಲ್ಲ ಯಂತ್ರಗಳನ್ನು ನಿಲ್ಲಿಸಿ, ಕುಂಕುಮ ಇಟ್ಟು, ಕುಂಬಳಕಾಯಿ ಒಡೆಯುವಾಗ ಇದನ್ನೂ ಆಫ್ ಮಾಡಬೇಕೆಂದು ಅಪ್ಪಣೆಯಾಯಿತಂತೆ. ವರ್ಷಗಟ್ಟಲೆ ನಿಲ್ಲದೆ ನಡೆದ ಯಂತ್ರ. ಅಪ್ಪಣೆ ಕೊಟ್ಟವರು ಯಾರು? ಇದೇ ಮ್ಯಾನೇಜರು!

ಕಾರಣ ಹೊಳೆಯಿತು. ಆ ವಿಂಡೋದಲ್ಲಿ ಹಿಡಿಸುವುದು ಇಪ್ಪತ್ತನಾಲ್ಕು ಸಾಲು. ಹಿಂದೆ ಯಾರೋ ಆ ಸಂಖ್ಯೆಯನ್ನು ಯಂತ್ರಕ್ಕೆ ಕೈಯಾರೆ ಕೊಟ್ಟಿದ್ದರು, ಆಫ್ ಮಾಡಿದಾಗ ಅದು ಮರೆತುಹೋಯಿತು. ಈಗ ಯಂತ್ರ ನಲವತ್ತು ಸಾಲು ಇವೆ ಎಂದುಕೊಂಡು ಬರೆಯುತ್ತಿತ್ತು. ಹೆಚ್ಚಾದ ಸಾಲುಗಳೆಲ್ಲ ಕೊನೆಯ ಸಾಲಿನ ಮೇಲೇ ಬೀಳುತ್ತಿದ್ದವು. ಎಚ್ಚರಿಕೆ ಬಂದ ಮರುಕ್ಷಣವೇ, ಕ್ಷಣಕ್ಷಣಕ್ಕೂ ಬದಲಾಗುವ ಗಡಿಯಾರದ ಸಾಲು ಅದನ್ನು ಅಳಿಸಿಹಾಕುತ್ತಿತ್ತು. ರತ್ನಮ್ಮ ಹೇಳಿದ್ದು ಅಕ್ಷರಶಃ ನಿಜ. ಇಪ್ಪತ್ತನಾಲ್ಕು ಎಂದು ಮತ್ತೆ ತಿಳಿಸುವ ಒಂದೇ ಒಂದು ಆಜ್ಞೆ ಟೈಪ್ ಮಾಡಿದರೆ ಮುಗಿಯಿತು.

ಇದನ್ನೆಲ್ಲ ಬಿಡಿಸಿ ಹೇಳಿದರೆ ಮ್ಯಾನೇಜರು ನಕ್ಕರು. "ಹೆಂಗಸ್ರು ನೀವ್ ನೀವೇ ಒಂದಾಗ್ಬಿಟ್ರಾ?" ಎಂದರು.

ಮಾಡಿಯೇ ತೋರಿಸುತ್ತೇನೆ ಎಂದು ಕೂತೆ. ಕೀಬೋರ್ಡಿನ ಸಂದಿಗೆಲ್ಲ ಬಣ್ಣದ ಪುಡಿ ಸೇರಿ ಗುಂಡಿಗಳು ಕಚ್ಚಿಕೊಂಡಿದ್ದವು. ಸಿಟ್ಟಿನಲ್ಲೇ ವೈರು ಕಿತ್ತು, ಕೀಬೋರ್ಡನ್ನು ಬೋರಲು ಮಾಡಿ ತಟ್ಟತೊಡಗಿದೆ.

ಆಗ ಪರದೆಯ ಮೇಲೆ ಓಡುತ್ತಿದ್ದ ಅಂಕಿಗಳು ನಿಂತವು. ಖಾಲಿ ಸಾಲೊಂದು ಬಂತು. ಅದರಲ್ಲಿ ಒಂದೊಂದೇ ಅಕ್ಷರ ಮೂಡಿತು, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುವವರ ಹಾಗೆ. ನಾನು ಟೈಪ್ ಮಾಡಬೇಕೆಂದಿದ್ದ ಅದೇ ಆಜ್ಞೆ. ಕೊನೆಗೆ ನಲವತ್ತೆರಡು ಎಂದು ಬಿತ್ತು. ಸ್ವಲ್ಪ ತಡೆಯಿತು. ಎರಡೂ ಅಂಕಿ ಅಳಿಸಿಹೋಗಿ ಇಪ್ಪತ್ತನಾಲ್ಕು ಎಂದಾಯಿತು. ಕೀಬೋರ್ಡ್ ನನ್ನ ಕೈಯಲ್ಲಿತ್ತು, ಅದರ ವೈರು ನನ್ನ ಮಡಿಲಲ್ಲಿ ಬಿದ್ದಿತ್ತು.

"ಅಯ್ಯೋ ದೇವುಡಾ, ನಾಗರಾಜಣ್ಣ!" ಎಂದರು ರತ್ನಮ್ಮ. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು ನಾಗರಾಜಣ್ಣ. ಯಾವ ಸಂಖ್ಯೆ ಹೊಡೆದರೂ ಮೊದಲು ಹಿಂದುಮುಂದು ಮಾಡಿ, ಆಮೇಲೆ ಅಳಿಸಿ ಸರಿಮಾಡುವುದು ಅವರ ಅಭ್ಯಾಸವಂತೆ.

ಪರದೆ ಮತ್ತೆ ತುಂಬಿತು. ಕೆಳಗೆ ಎಚ್ಚರಿಕೆಯ ಸಾಲು ಈ ಸಲ ಅಳಿಸಿಹೋಗದೆ ನಿಂತಿತ್ತು: ಎರಡನೇ ತೊಟ್ಟಿ ಆಗಲೇ ಮಿತಿಮೀರಿ ಕಾಯುತ್ತಿತ್ತು. ಮ್ಯಾನೇಜರು ತೊಟ್ಟಿ ಕಾಯಿಸುವ ಹಬೆ ನಿಲ್ಲಿಸಿರೆಂದು ಕೂಗುತ್ತಾ ಓಡಿದರು.

ನಾಗರಾಜಣ್ಣ ತೀರಿಕೊಂಡಿರಬೇಕೆಂದು ನೀವು ಊಹಿಸಿದ್ದರೆ, ತಪ್ಪು. ರತ್ನಮ್ಮ ಆಗಲೇ ಅವರಿಗೆ ಫೋನ್ ಮಾಡಿದರು. ಅವರು ಮಂಡಿಕಲ್ ಕಡೆ ತಮ್ಮ ಹಳ್ಳಿಯಲ್ಲಿ ಗಟ್ಟಿಮುಟ್ಟಾಗಿದ್ದರು.

"ನಾನು ಜಗಲಿ ಮೇಲೆ ಕಡಲೇಕಾಯಿ ಬಿಡಿಸ್ತಾ ಕೂತಿದೀನಿ ಕಣಮ್ಮ. ಏನು, ಆ ಮಿಷನ್ ಆಫ್ ಮಾಡಿದ್ರಾ? ಮಾಡ್ಬೇಡ್ರಪ್ಪ ಅಂತ ಬಾಯಿ ಬಡ್ಕೊಂಡಿದ್ದೆನಲ್ಲ!" ಎಂದು ಬೈದರು. ಬೇರೇನೂ ಅವರಿಗೆ ಗೊತ್ತಿರಲಿಲ್ಲ.

ಆ ಯಂತ್ರಕ್ಕೆ ನೆಟ್‌ವರ್ಕ್ ವೈರೇ ಇರಲಿಲ್ಲ. ಹಿಂದೆಮುಂದೆ, ಒಳಗೆ ಹೊರಗೆ ಎಲ್ಲ ಜಾಲಾಡಿದೆ, ಕಾರಣ ಸಿಗಲಿಲ್ಲ. ಕಸುಬಿನ ಗೆಳೆಯರು ಏನೇನೋ ಹೇಳುತ್ತಾರೆ, ಎಲ್ಲೋ ಕರೆಂಟು ಸೋರಿರಬೇಕು ಎನ್ನುತ್ತಾರೆ. ಸೋರಿದ ಕರೆಂಟು ತಪ್ಪು ಬರೆದು ತಿದ್ದಿಕೊಳ್ಳುತ್ತದೆಯೇ ಎಂದು ಕೇಳಿದರೆ ಮಾತು ಬದಲಿಸುತ್ತಾರೆ.

ಮ್ಯಾನೇಜರು ವಾಪಸು ಬಂದವರೇ ಚಪ್ಪಲಿ ಬಿಟ್ಟು ಯಂತ್ರಕ್ಕೆ ಕೈಮುಗಿದರು. ನಿಂಬೆಹಣ್ಣು ತರಿಸಿ ಅದರ ಮುಂದಿಟ್ಟರು. ರತ್ನಮ್ಮನನ್ನು ತೆಗೆಯುವ ಮಾತು ಅಲ್ಲಿಗೇ ನಿಂತಿತು. ಬಾಯಿಬಿಟ್ಟು ಹೇಳಿದ ಹೆಂಗಸನ್ನು ನಂಬದ ಮನುಷ್ಯ, ಯಾರು ಬರೆದರೋ ತಿಳಿಯದ ಒಂದು ಸಾಲನ್ನು ನಂಬಿದ.

ಈ ಸಂಗತಿಯನ್ನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆ ಆಜ್ಞೆ ಟೈಪ್ ಮಾಡಿದ್ದು ಯಾರು ಎಂದು ಎಲ್ಲರೂ ಕೇಳುತ್ತಾರೆ. ಆ ಮ್ಯಾನೇಜರು ರತ್ನಮ್ಮನಿಗೆ ತಪ್ಪಾಯಿತು ಎಂದರೇ ಎಂದು ಒಬ್ಬರೂ ಕೇಳಿಲ್ಲ.

ಅನ್ನಲಿಲ್ಲ.