ಅಮಾವಾಸ್ಯೆಯ ಬೆಸುಗೆ

ಹಣಕೋಣದ ಗಂಗೂಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಊರು ಹೇಳುತ್ತಿತ್ತು. ಹೇಳಲಿ, ಊರಿಗೇನು! ಬೆಳಗಿನಿಂದ ಸಂಜೆಯವರೆಗೆ ಗಂಡನ ಕುಲುಮೆಯಲ್ಲಿ ತಿದಿ ಒತ್ತಿ, ಹೊಗೆ ಕುಡಿದು, ಕೊನೆಗೆ ದೇವ ಆಚಾರಿಯ ಬೆಸುಗೆ ಎಂದರೆ ಬೆಸುಗೆ ಎಂಬ ಹೊಗಳಿಕೆಯನ್ನು ಮೂಲೆಯಲ್ಲಿ ನಿಂತು ಕೇಳುವವಳಿಗೆ ಸಿಟ್ಟು ಬರದೆ ನಗು ಬರುತ್ತದೆಯೇ? ಅಗಸೂರಿನ ಕಮ್ಮಾರರ ಮನೆಯ ಮಗಳು ಅವಳು. ಕಬ್ಬಿಣದ ಬಣ್ಣ ನೋಡಿ ಹದ ಹೇಳುವುದನ್ನು ಅಪ್ಪನ ಮಗ್ಗುಲಲ್ಲೇ ಕಲಿತಿದ್ದಳು. ಗಂಡ ದೇವ ಒಳ್ಳೆಯವನೇ, ಆದರೆ ಬಾಯಿ ಸತ್ತವನು. ಕಮ್ಮಾರಿಕೆಗೆಂದು ಊರು ಬಿಟ್ಟುಕೊಟ್ಟ ತುಂಡು ಗದ್ದೆ ಗಜನಿಯ ತೀರಾ ತಗ್ಗಿನಲ್ಲಿತ್ತು. ಉಪ್ಪುನೀರು ಒಳಗೆ ಬಂದರೆ ಮೊದಲು ಸಾಯುವುದು ಅವರ ಪೈರೇ. ಅದಕ್ಕೂ ಅವನು ತುಟಿ ಬಿಚ್ಚಿರಲಿಲ್ಲ.

ಗಜನಿ ಎಂದರೆ ಕಾಳಿ ನದಿಯ ಉಪ್ಪುನೀರಿಗೆ ದಂಡೆ ಕಟ್ಟಿ ಉಳಿಸಿಕೊಂಡ ಗದ್ದೆ ಬಯಲು. ದಂಡೆಯ ತೂಬಿಗೆ ಒಂದು ಮರದ ಬಾಗಿಲು. ಅದು ಮೇಲಿನ ಕಬ್ಬಿಣದ ಸರಳಿಗೆ ತೂಗುಬಿದ್ದಿರುತ್ತದೆ. ನದಿ ಇಳಿದಾಗ ಮಳೆನೀರು ಅದನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ, ಸಮುದ್ರ ಉಕ್ಕಿ ಭರತಿ ಬಂದಾಗ ನದಿಯೇ ಅದನ್ನು ಒತ್ತಿ ಮುಚ್ಚುತ್ತದೆ. ಆ ಸರಳಿನಲ್ಲಿ ಬಿರುಕು ಬಿಟ್ಟದ್ದನ್ನು ಬಿತ್ತನೆಗೂ ಮೊದಲೇ ಗಂಗೂ ಕಂಡಿದ್ದಳು. ಗಜನಿಯ ಒಡೆಯರ ಕಾರಭಾರಿ ಕೇಶವನಿಗೆ ಹೇಳಿಯೂ ಹೇಳಿದಳು. ದೋಣಿಯ ಹುಟ್ಟು ಸೀಳಿದರೆ ಏನು ಮಾಡುತ್ತಾರೋ ಅದನ್ನೇ ಅವನು ಮಾಡಿಸಿದ: ಕತ್ತದ ಹಗ್ಗ ಬಿಗಿಯಾಗಿ ಸುತ್ತಿಸಿ ಮೇಲೆ ಡಾಂಬರು ಬಳಿಸಿದ. ಮರದ ಮದ್ದು ಕಬ್ಬಿಣಕ್ಕೆ! ಉಪ್ಪುನೀರು ಕುಡಿದ ಹಗ್ಗದೊಳಗೆ ಸರಳು ತುಕ್ಕು ತಿಂದು ಹೋಗುತ್ತದೆ ಎಂದು ಅವಳು ಮತ್ತೆ ಹೇಳಿದಳು. ಗೋಡೆಗೆ ಹೇಳಿದ ಹಾಗಾಯಿತು.

ಮೂವತ್ತನಾಲ್ಕನೇ ಇಸವಿ. ಕರೆಂಟು ಎಂಬ ಮಾತನ್ನೇ ಹಣಕೋಣ ಕೇಳಿರದ ಕಾಲ. ಜ್ಯೇಷ್ಠದ ಅಮಾವಾಸ್ಯೆಯ ಬೆಳಗ್ಗೆ ಸರಳು ಎರಡು ತುಂಡಾಯಿತು, ಬಾಗಿಲು ಒಂದು ಬದಿಗೆ ಜೋತುಬಿತ್ತು. ಪೈರು ಆಗಷ್ಟೇ ಗೇಣುದ್ದ ಎದ್ದಿತ್ತು. ಅಮಾವಾಸ್ಯೆಯ ಭರತಿಯೆಂದರೆ ದೊಡ್ಡ ಭರತಿ. ಮಣ್ಣು, ಹುಲ್ಲು ಏನು ತುರುಕಿದರೂ ಗುಡಿಸಿಕೊಂಡು ಹೋಗುವಂಥದ್ದು. ಮಧ್ಯಾಹ್ನದೊಳಗೆ ಸರಳನ್ನು ಬೆಸೆಯದಿದ್ದರೆ ಆ ವರ್ಷದ ಗಂಜಿಗೆ ಎಳ್ಳುನೀರು.

ಆದರೆ ಅಮಾವಾಸ್ಯೆಯ ದಿನ ಕಮ್ಮಾರರು ಕುಲುಮೆಗೆ ಕೆಂಡ ಹಾಕುವುದಿಲ್ಲ. ಅಪ್ಪ ಅಜ್ಜ ಮುರಿಯದ ಕಟ್ಟಳೆಯನ್ನು ತಾನು ಮುರಿಯಲಾರೆ ಎಂದು ದೇವ ತಲೆ ತಗ್ಗಿಸಿದ. ಕೇಶವನೂ ಕೈ ಮೇಲೆತ್ತಿ, ದೇವರಿಗೆ ವಿರುದ್ಧ ಹೋಗುವುದು ಬೇಡ, ನಾಳೆ ಬೆಸೆದರಾಯಿತು ಎಂದ. ಗಂಗೂಗೆ ಮೈಯೆಲ್ಲ ಉರಿದುಹೋಯಿತು. ಹಗ್ಗ ಸುತ್ತುವಾಗ ನೆನಪಾಗದ ದೇವರು ಈಗ ನೆನಪಾದನಲ್ಲ!

"ಅಮಾಸೆ ಕುಲುಮೆಗೆ ಮಾತ್ರ ರಜೆ ಕೊಡ್ತದೆ ಒಡೆಯಾ, ನದಿಗೆ ಕೊಡೂದಿಲ್ಲ" ಎಂದವಳೇ ತಿದಿಯನ್ನು ಹೆಗಲಿಗೇರಿಸಿ ದಂಡೆಗೆ ನಡೆದಳು.

ಗಂಡಸರು ಒಬ್ಬರೂ ಹತ್ತಿರ ಸುಳಿಯಲಿಲ್ಲ. ಬಂದವರು ಪಕ್ಕದ ಗದ್ದೆಯ ಮಾಸ್ತಮ್ಮ, ಅವಳ ಸೊಸೆ ಬೀರಿ. ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲನ್ನು ಮೂವರೂ ಸೇರಿ ಹೊತ್ತು ತಂದರು. ತೆಂಗಿನ ಮಡಲಿನ ತಟ್ಟಿಯಿಂದ ಗಾಳಿಮಳೆಗೆ ಮರೆಮಾಡಿ, ಹೊಂಡ ತೋಡಿ, ಇದ್ದಿಲು ಸುರಿದು ಗಂಗೂ ಬೆಂಕಿ ಹಾಕಿದಳು. ದೇವ ಹಿಂದೆಯೇ ಬಂದಿದ್ದ. ಬಂದು ಮಾಡಿದ್ದೇನು? ಬೆಂಕಿಗೆ ಬೆನ್ನು ಹಾಕಿ ದಂಡೆಯ ಮೇಲೆ ಕೂತ, ಮಹಾರಾಯ.

ತುಂಡುಗಳ ತುದಿ ಕಾಯಿಸಿ, ಬಡಿದು ಓರೆ ಮಾಡಿ, ಮತ್ತೆ ಕೆಂಡಕ್ಕಿಟ್ಟು, ಬೆಸುಗೆ ಹಿಡಿಯಲೆಂದು ಮೇಲೆ ನಯವಾದ ಹೊಯಿಗೆ ಮರಳು ಉದುರಿಸಿದಳು. ಒಂದು ತುಂಡು ಅವಳ ಇಕ್ಕಳದಲ್ಲಿ, ಇನ್ನೊಂದು ಬೀರಿಯ ಇಕ್ಕಳದಲ್ಲಿ. ಸುತ್ತಿಗೆ ಮಾಸ್ತಮ್ಮನದು, ಭತ್ತ ಕುಟ್ಟಿ ಗಟ್ಟಿಯಾದ ಕೈ. ಮೊದಲ ಸಲ ಬೆಸುಗೆ ಹಿಡಿಯಲಿಲ್ಲ, ತುಂಡುಗಳು ಬಿಟ್ಟುಕೊಂಡವು. ಅಷ್ಟರಲ್ಲಿ ನದಿ ತೂಬಿನ ಅರ್ಧಕ್ಕೆ ಏರಿತ್ತು. ಬೆನ್ನು ತಿರುಗಿಸಿಕೊಂಡೇ ದೇವ, ಏಟಿನ ಸದ್ದು ಸರಿಯಿಲ್ಲ, ಕಬ್ಬಿಣ ಇನ್ನೂ ಕಾಯಬೇಕು ಎಂದ. ಗೊತ್ತು, ಬಾಯಿ ಮುಚ್ಚು ಎಂದು ಗಂಗೂ ಎಲ್ಲರ ಎದುರೇ ಗಂಡನನ್ನು ಗದರಿದಳು. ಆ ಸಿಟ್ಟನ್ನೆಲ್ಲ ತಿದಿಯ ಮೇಲೆ ತೀರಿಸಿದಳು. ಕಬ್ಬಿಣ ಬೆಳ್ಳಗಾಗಿ ಕಿಡಿ ಚಿಮ್ಮುವವರೆಗೂ ಬಿಡಲಿಲ್ಲ. ಈ ಸಲ ಮಾಸ್ತಮ್ಮನ ಏಟಿಗೆ ಎರಡೂ ತುಂಡು ಒಂದಾದವು.

ಎದೆಮಟ್ಟದ ನೀರಿಗಿಳಿದು ಹೆಂಗಸರೇ ಸರಳನ್ನು ಅದರ ಜಾಗದಲ್ಲಿ ಕೂಡಿಸಿದರು. ಬಾಗಿಲು ಕೂತಿತು. ಆಚೆ ನದಿ ದಂಡೆಯ ಕುತ್ತಿಗೆಯವರೆಗೂ ಏರಿ ಬಂತು, ಈಚೆ ಪೈರಿನ ಬುಡಕ್ಕೆ ಒಂದು ಬೊಗಸೆ ಉಪ್ಪುನೀರೂ ಬರಲಿಲ್ಲ.

ಮರುದಿನ ಬೆಳಗ್ಗೆ ಕೇಶವ ಊರ ಹಿರಿಯರನ್ನು ಕಟ್ಟಿಕೊಂಡು ಕುಲುಮೆಗೆ ಬಂದ. ಉಪಕಾರ ನೆನೆಯಲು ಬಂದನೆಂದುಕೊಂಡಿರಾ? ಅಮಾವಾಸ್ಯೆಯ ದಿನ, ಅದೂ ಹೆಂಗಸಿನ ಕೈಯಿಂದ ಕಬ್ಬಿಣ ಬೆಸೆದು ಊರಿಗೆ ಮೈಲಿಗೆಯಾಗಿದೆಯಂತೆ. ದೇವರಿಗೆ ತಪ್ಪುಕಾಣಿಕೆ ಒಪ್ಪಿಸಬೇಕು, ಇನ್ನು ಮೇಲೆ ಗಂಗೂ ಕುಲುಮೆಯ ಹೊಸ್ತಿಲು ತುಳಿಯಕೂಡದು ಎಂದು ತೀರ್ಮಾನ ಹೇಳಿದರು. ಊರಿಗೆಲ್ಲ ಕೇಳುವ ಬಾಯಿಯ ಗಂಗೂ ಸೆರಗನ್ನು ಸೊಂಟಕ್ಕೆ ಬಿಗಿದಳು.

ಆದರೆ ಅವಳಿಗಿಂತ ಮೊದಲು ಎದ್ದವನು ದೇವ. ಒಳಗೆ ಹೋಗಿ ಕಬ್ಬಿಣ ಕಡಿಯುವ ಉಳಿ, ದೊಡ್ಡ ಸುತ್ತಿಗೆ ತಂದು ಕೇಶವನ ಕಾಲ ಬುಡದಲ್ಲಿಟ್ಟ.

"ಹಂಗಾರೆ ಆ ಬೆಸುಗೆ ಕಡ್ದು ಹಾಕಿ ಒಡೆಯಾ. ಮೈಲಿಗೆ ಸರಳು ನಿಮ್ಮ ಗದ್ದೆ ಎಂತಕ್ಕೆ ಕಾಯಬೇಕು? ಈಗ್ಲೇ ಕಡೀರಿ. ಮಧ್ಯಾಹ್ನ ಭರತಿ ಬರ್ತದೆ."

ಯಾರೂ ಉಳಿ ಮುಟ್ಟಲಿಲ್ಲ. ಹಾಗೆಂದು ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡರೇ? ಅದೂ ಇಲ್ಲ. ಒಬ್ಬೊಬ್ಬರಾಗಿ ಎದ್ದು ಅಂಗಳ ಇಳಿದರು. ಅವರು ಬೇಲಿ ದಾಟುವ ಮೊದಲೇ ಗಂಗೂ ಕುಲುಮೆಯ ಹೊಸ್ತಿಲು ದಾಟಿ ಒಳಗೆ ಕೂತು, ಎಲ್ಲರಿಗೂ ಕೇಳಿಸುವಂತೆ ತಿದಿ ಒತ್ತತೊಡಗಿದಳು.